ಒಂಬತ್ತನೆಯ ದವಾಖಾನೆ

ಹೊಳೆಯ ದಂಡೆಗೆ ಒಂದು ಆಶ್ರಮ. ಅಲ್ಲೊಬ್ಬ ಗುರುಗಳು. ಸುತ್ತಲಿನ ಊರವರು ಅವರನ್ನು ಅಜ್ಜಾರು ಎನ್ನುತ್ತಿದ್ದರು. ಅಜ್ಜಾರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಗುರುವಾದವನು ತಣ್ಣಗಿರಬೇಕು ಎನ್ನುವವರು ಈ ಕಥೆಯನ್ನು ಇಲ್ಲಿಗೇ ಬಿಟ್ಟು ಏಳಬಹುದು, ನಮಗೇನೂ ಬೇಜಾರಿಲ್ಲ.

ಅವರ ಶಿಷ್ಯ ಅಡಿವೆಪ್ಪ. ವಿದ್ಯುತ್ ಕೆಲಸದ ಡಿಪ್ಲೊಮಾ ಮುಗಿಸಿ ಬಂದವನು ಆರು ವರ್ಷದಿಂದ ಆಶ್ರಮದಲ್ಲೇ ಇದ್ದ. ಬಲು ಶಿಸ್ತಿನ ಮನುಷ್ಯ. ಗುರುಗಳ ಎದುರು ಒಮ್ಮೆಯೂ ದನಿ ಏರಿಸಿದವನಲ್ಲ.

ಆ ವರ್ಷ ಒಂದು ದಾನಿ ಸಂಸ್ಥೆಯವರು ಆಶ್ರಮಕ್ಕೆ ಬಂದರು. ಸುತ್ತಲಿನ ಹಳ್ಳಿಗಳಲ್ಲಿ ಒಂಬತ್ತು ಸಣ್ಣ ದವಾಖಾನೆಗಳಿದ್ದವು. ಅವರು ಸೋಲಾರ್ ಹಾಕಿಸಲು ಒಪ್ಪಿದ್ದು ನಾಲ್ಕಕ್ಕೆ ಮಾತ್ರ. ಯಾವ ನಾಲ್ಕು ಎಂಬುದನ್ನು ಆಶ್ರಮದವರೇ ನೋಡಿ ಹೇಳಬೇಕು. ಅದಕ್ಕೆಂದು ನೂರು ಅಂಕದ ಒಂದು ಫಾರ್ಮ್ ಕೊಟ್ಟು ಹೋದರು.

ಅಡಿವೆಪ್ಪ ಬಿಳಿ ಅಂಗಿ ತೊಟ್ಟು, ಆಶ್ರಮದ ಜೀಪು ಹತ್ತಿ ಮೂರು ದಿನ ತಿರುಗಿದ. ಮೂರನೆಯ ದಿನ ಮಧ್ಯಾಹ್ನ ಹಲ್ಲು ಕಡಿಯುತ್ತ ಬಂದ.

"ಆಕಿಗೆ ಮಾತಾಡೂ ಪದ್ಧತಿನೇ ಗೊತ್ತಿಲ್ರಿ ಅಜ್ಜಾರ."

"ಯಾರಿಗೆ?"

"ಬಿಳಿಗುಡ್ಡದ ನರ್ಸಬಾಯಿಗೆ. ಮಾಲನಬಿ ಅಂತ. ನಾ ಟೇಪ್ ಹಿಡದು ಗ್ವಾಡಿ ಅಳ್ಯಾಕ ಹತ್ತಿದ್ದೆ. ಕಸಗೊಂಡು ಅಂಗಳಕ್ಕ ಒಗದಳು."

"ಯಾಕ?"

"ಯಾಕಂತ ನನಗೇನ್ ಗೊತ್ರಿ? ಐದು ಮಂದಿ ಬಂದು ಅಳಕೊಂಡು ಹೋಗ್ಯಾರ, ನೀ ಆರನೇದಾಂವ, ಈ ಗ್ವಾಡಿ ಏನ್ ದಿನಾ ಬೆಳೀತಾವೇನು ಅಂತ ಕೇಳಿದಳು."

"ಚಲೋ ಕೇಳ್ಯಾಳ," ಎಂದರು ಅಜ್ಜಾರು.

ಅಡಿವೆಪ್ಪನಿಗೆ ಅದು ಹಿಡಿಸಲಿಲ್ಲ. ಬಿಸಿಲಲ್ಲಿ ಮೂರು ದಿನ ಸುತ್ತಿ ಬಂದವನಿಗೆ ಗುರುಗಳಿಂದ ಒಂದು ಒಳ್ಳೆ ಮಾತು ಬರಬಾರದೇ? ಮುಖ ಗಂಟಿಕ್ಕಿಕೊಂಡೇ ಪಟ್ಟಿ ಓದಿದ.

"ಮೊದಲನೇದು ಗೋಣಿಹಾಳ. ತೊಂಬತ್ತೊಂದು ಅಂಕ. ಎಲ್ಲಾ ಸ್ವಚ್ಛ. ಕೇಳಿದ್ದಕ್ಕೆಲ್ಲಾ ಎದ್ದು ನಿಂತು ಉತ್ತರ ಕೊಟ್ರು. ಕರೆಂಟಿನ ತೊಂದರಿ ಏನೂ ಇಲ್ಲ ಅಂದ್ರು."

"ತೊಂದರಿ ಇಲ್ಲ ಅಂದವರಿಗೆ ಮೊದಲ ಕೊಡತಿ."

"ಕೊಟ್ಟದ್ದನ್ನ ಜ್ವಾಪಾನ ಮಾಡೂ ಮಂದಿ ಬೇಕ್ರಿ. ಅದಕ್ಕೂ ಅಂಕ ಐತಿ."

"ಬಿಳಿಗುಡ್ಡಕ್ಕ?"

"ಹದಿನಾಲ್ಕು. ಕಡೀದು. ಸಹಕಾರಕ್ಕ ಸೊನ್ನಿ, ಹೆರಿಗಿಗೂ ಸೊನ್ನಿ. ಎಂಟು ತಿಂಗಳಾತು, ಅಲ್ಲಿ ಒಂದೂ ಹೆರಿಗಿ ಆಗಿಲ್ಲ. ರಜಿಸ್ಟರ್ ಖಾಲಿ."

"ಯಾಕ ಆಗಿಲ್ಲ?"

"ಅದನ್ನ ಬರ್ಯಾಕ ಫಾರ್ಮಿನ್ಯಾಗ ಜಾಗ ಇಲ್ರಿ."

ಅಜ್ಜಾರ ಮುಖ ಕೆಂಪಗಾಯಿತು. ಕಿವಿಗಳೂ ಕೆಂಪಗಾದವು. ಅವರು ಎದ್ದರು, ಗೂಟಕ್ಕೆ ಹಾಕಿದ್ದ ತಮ್ಮ ಧೋತರವನ್ನು ಜಗ್ಗಿ ತೆಗೆದು ಪರ್ರನೆ ಒಂದು ಗೇಣು ಹರಿದರು. ಸೂಜಿ ದಾರ ತಂದು ಧೋತರದ ಜೊತೆ ಅಡಿವೆಪ್ಪನ ಕೈಗೆ ತುರುಕಿದರು.

"ಹೊಲಿ."

"ಈಗ್ರಿ?"

"ಈಗ. ಉಗ್ರಾಣದಾಗ ಕುಂತು ಹೊಲಿ."

ಉಗ್ರಾಣಕ್ಕೆ ಕಿಟಕಿ ಇರಲಿಲ್ಲ. ಇಲಿ ಬರಬಾರದೆಂದು ಬಾಗಿಲ ಸಂದಿಗೂ ತಗಡು ಬಡಿದಿದ್ದರು. ಅಡಿವೆಪ್ಪ ಒಳಗೆ ಹೋಗಿ ಜೋಳದ ಚೀಲದ ಮೇಲೆ ಕೂತ. ಹಿಂದೆ ಬಾಗಿಲು ಮುಚ್ಚಿತು, ಅಗಳಿ ಬಿತ್ತು.

ಹೊರಗೆ ಸುಡುವ ಬಿಸಿಲು. ಒಳಗೆ ತನ್ನ ಕೈ ತನಗೇ ಕಾಣದು. ದಾರವನ್ನು ಬಾಯಲ್ಲಿ ತೇವ ಮಾಡಿ ಸೂಜಿಯ ಕಣ್ಣು ಹುಡುಕಿದ. ಸಿಗಲಿಲ್ಲ. ಬೆರಳು ಚುಚ್ಚಿಕೊಂಡ.

ಹೊರಗಿನಿಂದ ಅಜ್ಜಾರ ದನಿ ಬಂತು.

"ಕೋಣಿ ಉದ್ದ ಎಷ್ಟು?"

"ಹದಿನಾಲ್ಕು ಅಡಿ ಇರಬೇಕ್ರಿ."

"ಅಗಲ?"

"ಹತ್ತು."

"ಸ್ವಚ್ಛ ಐತೇನು?"

"ಐತ್ರಿ ಅಜ್ಜಾರ."

ಹೆಜ್ಜೆಯ ಸಪ್ಪಳ ದೂರ ಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು.

"ಕೋಣಿ ಉದ್ದ ಎಷ್ಟು?"

ಅಡಿವೆಪ್ಪ ಮತ್ತೆ ಹೇಳಿದ. ಎರಡನೆಯ ಸಲವೂ ರೀ ಹಚ್ಚಿಯೇ ಹೇಳಿದ. ಮೂರನೆಯ ಸಲ ಬರೀ ಹದಿನಾಲ್ಕು ಎಂದ. ನಾಲ್ಕನೆಯ ಸಲ ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಸೂಜಿ ಕೈಯಿಂದ ಜಾರಿ ಎಲ್ಲೋ ಬಿದ್ದಿತ್ತು. ಅವನು ಮೊಣಕಾಲೂರಿ ನೆಲ ತಡವುತ್ತಿದ್ದ. ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

"ಕೋಣಿ ಉದ್ದ ಎಷ್ಟು?"

ಅಡಿವೆಪ್ಪ ಎದ್ದು ಬಾಗಿಲಿಗೆ ಜಾಡಿಸಿ ಒದ್ದ.

"ಉದ್ದ ಅಗಲ ತಗೊಂಡು ಏನ್ ಮಾಡ್ತೀರಿ? ಒಳಗ ಕತ್ತಲಿ ಐತಿ! ಕತ್ತಲಿ! ನಿಮಗ ತಲಿಗಿಲಿ ಕೆಟ್ಟೈತೇನು?"

ಅಗಳಿ ತೆಗೆದ ಸಪ್ಪಳವಾಯಿತು. ಬೆಳಕು ನುಗ್ಗಿ ಅವನ ಕಣ್ಣು ಕುಕ್ಕಿತು. ತಾನು ಯಾರಿಗೆ ಏನೆಂದೆ ಎಂಬುದು ಆಗ ತಿಳಿಯಿತು. ಅಡ್ಡಬಿದ್ದು ಕಾಲು ಹಿಡಿಯಹೋದ. ಅಜ್ಜಾರು ಕಾಲನ್ನು ಹಿಂದಕ್ಕೆ ತೆಗೆದುಕೊಂಡರು.

"ಕಾಲು ಬ್ಯಾಡ. ಒಳಗ ಕತ್ತಲಿ ಐತಿ ಅಂತ ಮೊದಲನೇ ಸಲನೇ ಯಾಕ ಹೇಳಲಿಲ್ಲ?"

"ನೀವು ಅದನ್ನ ಕೇಳಲಿಲ್ರಿ."

"ಐದನೇ ಸಲನೂ ನಾ ಕೇಳಲಿಲ್ಲ. ಹೆಂಗ ಹೇಳಿದಿ?"

ಅಡಿವೆಪ್ಪ ನೆಲ ನೋಡಿದ.

"ಸಿಟ್ಟು ಬಂತ್ರಿ."

"ನಾಳೆ ಬಿಳಿಗುಡ್ಡಕ್ಕ ಹೋಗು. ಜೀಪು ಬ್ಯಾಡ. ಆ ಬಿಳಿ ಅಂಗಿನೂ ಬ್ಯಾಡ."

"ನಾಳೆ ಸಂಜಿಗೆ ಸಂಸ್ಥೆಯವರು ಪಟ್ಟಿ ಒಯ್ಯಾಕ ಬರ್ತಾರ್ರಿ."

"ಅಷ್ಟರಾಗ ಬಾ!" ಎಂದು ಅಜ್ಜಾರು ಗುಡುಗಿದರು.

ಮರುದಿನ ಅಡಿವೆಪ್ಪ ಗೆರೆ ಗೆರೆಯ ಹಳೆಯ ಅಂಗಿ ಹಾಕಿಕೊಂಡು ಮೊದಲ ಬಸ್ಸಿಗೆ ಹೋದ.

ಬಿಳಿಗುಡ್ಡದ ದವಾಖಾನೆಯ ಮೆಟ್ಟಿಲ ಮೇಲೆ ದಿನ ತುಂಬಿದ ಹೆಂಗಸೊಬ್ಬಳು ಕೂತಿದ್ದಳು. ಹೆಸರು ನೀಲವ್ವ. ನೋವು ಶುರುವಾಗಿತ್ತು, ಕಂಬ ಹಿಡಿದುಕೊಂಡು ತುಟಿ ಕಚ್ಚುತ್ತಿದ್ದಳು. ಮಾಲನಬಿ ಅವಳ ಸೊಂಟ ಉಜ್ಜುತ್ತ, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಅಂಬುಲೆನ್ಸಿನವರ ಮೇಲೆ ಕೂಗಾಡುತ್ತಿದ್ದಳು. ಅಡಿವೆಪ್ಪನನ್ನು ಕಂಡು ಫೋನ್ ಇಳಿಸಿದಳು.

"ಮತ್ತ ಬಂದ್ಯಾ? ನಿನ್ನ ಟೇಪು ಬೇಲ್ಯಾಗ ಬಿದ್ದೈತಿ. ತಗೊಂಡು ನಡಿ."

"ಟೇಪ್ ಬ್ಯಾಡ್ರಿ ಅಕ್ಕಾರ. ಒಂದು ಮಾತು ಕೇಳಬೇಕಿತ್ತು. ಇಲ್ಲಿ ಹೆರಿಗಿ ಯಾಕ ಆಗವಲ್ವು?"

ಮಾಲನಬಿ ಅವನನ್ನು ಕಣ್ಣು ಕಿಸಿದು ನೋಡಿದಳು. ಆಮೇಲೆ ಬಾಯಿ ಬಿಟ್ಟವಳು ನಿಲ್ಲಿಸಲಿಲ್ಲ.

"ಆರು ಮಂದಿ ಬಂದು ಹೋದ್ರಿ, ಒಬ್ಬರ ಬಾಯಾಗೂ ಈ ಮಾತು ಬರಲಿಲ್ಲ. ಎಂಟು ತಿಂಗಳ ಹಿಂದ ಒಂದು ಸಂಜಿ, ಒಬ್ಬಾಕಿ ಒಳಗ ಹಡದಳು. ಕೂಸು ಬಂತು, ಕರೆಂಟ್ ಹೋತು. ರಕ್ತ ಹರ್ಯಾಕ ಹತ್ತೈತಿ, ಎಲ್ಲಿಂದ ಅಂತ ಕಾಣವಲ್ದು. ಮೊಬೈಲ್ ಹಲ್ಲಾಗ ಕಚಗೊಂಡು ಅದರ ಬೆಳಕಿಗೆ ಹೊಲಿಗಿ ಹಾಕೀನಿ ತಮ್ಮಾ. ಅಂದಾಜಿನ ಮ್ಯಾಲೆ! ಮನಿಷ್ಯಾಳ ಮೈಗೆ! ಆಕಿ ಉಳದದ್ದು ನನ್ನಿಂದಲ್ಲ, ದೇವರಿಂದ. ಅವತ್ತೇ ತೋಬಾ ಅಂದೆ. ಬೆಳಕು ಬರೂ ತನಕ, ಹಗಲೂ ಕತ್ತಲಿರೂ ಈ ಕೋಣ್ಯಾಗ ಯಾರನ್ನೂ ಹಡಸೂದಿಲ್ಲ."

"ಹಂಗಾದ್ರ ಎಲ್ಲಾರನ್ನೂ..."

"ತಾಲೂಕಿಗೆ ಕಳಸ್ತೀನಿ. ಮೂವತ್ತು ಕಿಲೋಮೀಟರ್. ಗಾಡಿ ಬಂದ್ರ. ಹೋದ ತಿಂಗಳ ಒಬ್ಬಾಕಿಗೆ ದಾರ್ಯಾಗೇ ಹೆರಿಗಿ ಆತು, ಕೂಸು ಉಳೀಲಿಲ್ಲ. ಅದು ನನ್ನ ರಜಿಸ್ಟರಿನ್ಯಾಗ ಬರಂಗಿಲ್ಲ, ತಾಲೂಕಿನ ರಜಿಸ್ಟರಿನ್ಯಾಗೂ ಬರಂಗಿಲ್ಲ. ನೀ ಎಲ್ಲಿ ಬರಕೋತಿ ಹೇಳು?"

ಹೆರಿಗೆಯ ಮುಂದಿನ ಆ ಸೊನ್ನೆಯನ್ನು ಅಡಿವೆಪ್ಪ ಎಷ್ಟು ದುಂಡಗೆ ಬರೆದಿದ್ದ! ಮಾತು ಬೇರೆ ಕಡೆ ತಿರುಗಿಸಲು ನೋಡಿದ.

"ಗೋಣಿಹಾಳದ ಸಿಸ್ಟರು ಕರೆಂಟಿನ ತೊಂದರಿ ಇಲ್ಲ ಅಂದಿದ್ರು."

"ಅನ್ನದೇ ಏನ್ ಮಾಡ್ತಾಳ? ಜೀಪಿನ್ಯಾಗಿಂದ ಇಳದಿ, ಬಿಳಿ ಅಂಗಿ, ಕೈಯಾಗ ಫೈಲು. ಮ್ಯಾಲಿನ ಸಾಹೇಬ್ರು ತಪಾಸಣಿಗೆ ಬಂದಾರಂತ ಹೆದರ್ಯಾಳ ಪಾಪ. ಸಾಹೇಬ್ರ ಮುಂದ ಕರೆಂಟ್ ಇಲ್ಲ ಅಂದ್ರ, ಇಲ್ಲದ್ದಕ್ಕ ನೀನೇ ಕಾರಣ ಅಂತ ನೋಟೀಸ್ ಬರ್ತೈತಿ. ಕರೆಂಟ್ ಹೋಗಿ ಬಂದು ಅಲ್ಲಿ ಲಸಿಕಿ ಇಡೂ ಫ್ರಿಜ್ ಕೆಟ್ಟು ವರ್ಷಾತು. ಅದಕ್ಕ ಕಸೂತಿ ಬಟ್ಟಿ ಮುಚ್ಚಿ, ಮ್ಯಾಲೆ ಹೂವು ಇಟ್ಟಿದ್ಲಂತ. ಸಂಜಿಗೆ ನನಗ ಫೋನ್ ಮಾಡಿ ಹೇಳಿದಳು."

ಅಡಿವೆಪ್ಪನಿಗೆ ಹೂವಿನ ನೆನಪಾಯಿತು. ಆ ಹೂವಿಗೆಂದೇ ಎರಡು ಅಂಕ ಹೆಚ್ಚು ಕೊಟ್ಟಿದ್ದ.

ಅಂಬುಲೆನ್ಸ್ ಬರುವ ಹೊತ್ತಿಗೆ ನೀಲವ್ವ ಕೂಗಿಕೊಳ್ಳತೊಡಗಿದ್ದಳು. ಹತ್ತಿಸುವಾಗ ಅವಳು ಅಡಿವೆಪ್ಪನ ಮುಂಗೈ ಹಿಡಿದ ಹಿಡಿತಕ್ಕೆ ಉಗುರು ನಾಟಿ ರಕ್ತ ಬಂತು. ಮಾಲನಬಿ ತಾನೂ ಹತ್ತಿಕೊಂಡಳು. ಬಾಗಿಲು ಎಳೆದುಕೊಳ್ಳುವ ಮೊದಲು ಹೊರಗೆ ತಲೆ ಹಾಕಿದಳು.

"ಇದನ್ನೂ ಸೊನ್ನಿ ಅಂತ ಬರಕೋ!"

ಗಾಡಿ ಕುಣಿಗಳಲ್ಲಿ ಎಗರುತ್ತ ಹೋಯಿತು. ಅಡಿವೆಪ್ಪ ದವಾಖಾನೆಯ ಅಂಗಳದಲ್ಲಿ ಒಬ್ಬನೇ ನಿಂತ. ಅವನಿಗೆ ತನ್ನ ಮೇಲೆಯೇ ಹೇಸಿಗೆಯೆನಿಸಿತು.

ಹಿಂದಿರುಗುವಾಗ ಗೋಣಿಹಾಳದಲ್ಲಿ ಬಸ್ಸು ಇಳಿದ. ಆ ಸಿಸ್ಟರು ಎದ್ದು ನಿಲ್ಲುವಷ್ಟರಲ್ಲಿ ಫ್ರಿಜ್ಜಿನ ಬಾಗಿಲು ತೆಗೆದ. ಒಳಗೆ ಹಳೆಯ ರಜಿಸ್ಟರುಗಳು, ಒಂದು ಸೀರೆ, ಊಟದ ಡಬ್ಬಿ. ಸಿಸ್ಟರು ಅಳತೊಡಗಿದರು.

"ಮ್ಯಾಲಿನವರಿಗೆ ಹೇಳಬ್ಯಾಡ್ರಿ ಸರ್. ಎರಡು ಸಣ್ಣ ಮಕ್ಕಳದಾವು."

"ನಾ ಸರ್ ಅಲ್ರಿ," ಎಂದ ಅಡಿವೆಪ್ಪ. ಕಸೂತಿ ಬಟ್ಟೆಯನ್ನು ಫ್ರಿಜ್ಜಿನ ಮೇಲೆ ತಾನೇ ಮತ್ತೆ ಹಾಸಿ ಹೊರಬಿದ್ದ.

ಆಶ್ರಮಕ್ಕೆ ಬಂದವನೇ ಹೊಸ ಪಟ್ಟಿ ಬರೆದ. ಬಿಳಿಗುಡ್ಡವನ್ನು ಎಲ್ಲಕ್ಕೂ ಮೇಲೆ ಬರೆದ. ಅಂಕ ಹಾಕುವ ಜಾಗದಲ್ಲಿ ಮಾಲನಬಿ ಹೇಳಿದ್ದನ್ನೆಲ್ಲ ಬರೆದ. ಕಾಗದ ಸಾಲದೆ ಹಿಂಬದಿಗೂ ಬರೆದ. ಉಳಿದ ದವಾಖಾನೆಗಳನ್ನು ಮತ್ತೊಮ್ಮೆ ನೋಡಬೇಕು ಎಂದು ಬರೆದು ಕೆಳಗೆ ಗೆರೆ ಎಳೆದ.

ಸಂಜೆ ಸಂಸ್ಥೆಯವರೊಬ್ಬರು ಬಂದರು. ಮೃದು ಮಾತಿನ ಮನುಷ್ಯ. ಅಜ್ಜಾರಿಗೆ ನಮಸ್ಕರಿಸಿ ಚಾಪೆಯ ಮೇಲೆ ಕೂತು, ಚಹಾ ಗುಟುಕರಿಸುತ್ತ ಪಟ್ಟಿಯನ್ನು ಎರಡೂ ಬದಿ ಓದಿದರು.

"ಬಿಳಿಗುಡ್ಡ ಆಗುವುದಿಲ್ಲ," ಎಂದರು. "ಹೆರಿಗೆಯೇ ಇಲ್ಲವಲ್ಲ."

"ಬೆಳಕು ಇಲ್ಲದ್ದಕ್ಕ ಹೆರಿಗಿ ಇಲ್ರಿ," ಎಂದ ಅಡಿವೆಪ್ಪ ತಾಳ್ಮೆಯಿಂದ. "ಬೆಳಕು ಬಂದ್ರ ಬರ್ತಾರ್ರಿ."

"ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಬಳಕೆ ಇಲ್ಲದ ಕಡೆ ಹಾಕಿದರೆ ನಾಳೆ ನಾವು ವರದಿಯಲ್ಲಿ ಏನು ತೋರಿಸೋಣ? ಮೊದಲು ಅವರು ಸ್ವಲ್ಪ ಸುಧಾರಿಸಲಿ. ಸಿಬ್ಬಂದಿಯೂ ಸಹಕರಿಸುತ್ತಿಲ್ಲ ಎಂದು ನೀವೇ ನಿನ್ನೆ ಫೋನಿನಲ್ಲಿ ಹೇಳಿದ್ದಿರಿ. ಮುಂದಿನ ವರ್ಷ ನೋಡೋಣ."

ಬೆಳಗಿನ ಅಂಬುಲೆನ್ಸ್ ತಾಲೂಕು ಮುಟ್ಟಿತೋ ಇಲ್ಲವೋ, ನೀಲವ್ವ ಏನಾದಳೋ, ಇನ್ನೂ ಫೋನ್ ಬಂದಿರಲಿಲ್ಲ. ಅಡಿವೆಪ್ಪ ಮೂರು ಸಲ ಮಾಡಿದ್ದ. ಮಾಲನಬಿ ಎತ್ತಿರಲಿಲ್ಲ.

ಅಡಿವೆಪ್ಪ ಎದ್ದು ನಿಂತ.

"ಮುಂದಿನ ವರ್ಷ?" ಎಂದ. "ಹಡಿಯೋರ ಹೆಸರು ಕೊಡ್ತೀನಿ, ಬರಕೊಳ್ರಿ! ವರ್ಷ ತಡಕೊಳ್ರವ್ವ, ಸಂಸ್ಥೆಯವರ ವರದಿ ಚಂದ ಕಾಣಬೇಕಂತ, ಅಂತ ಮನಿಮನಿಗೆ ಹೋಗಿ ನೀವೇ ಹೇಳಿ ಬರ್ರಿ! ನಾ ಹೇಳಂಗಿಲ್ಲ! ಸೊನ್ನಿ ಬರದಾಂವ ನಾನು, ನನಗ ನಾಚಿಕಿ ಬಂದೈತಿ. ನಿಮಗ ಯಾವಾಗ ಬರ್ತೈತಿ?"

ಅವನು ಕಾಲನ್ನು ನೆಲಕ್ಕೆ ಬಡಿದ ಪೆಟ್ಟಿಗೆ ಲೋಟ ಉರುಳಿ, ಚಹಾ ಫೈಲಿನ ಮೇಲೆಲ್ಲ ಹರಿಯಿತು.

ಸಂಸ್ಥೆಯವರು ಕರವಸ್ತ್ರ ತೆಗೆದು ನಿಧಾನವಾಗಿ ಫೈಲು ಒರೆಸಿಕೊಂಡರು. ಅಡಿವೆಪ್ಪನ ಕಡೆ ನೋಡಲೂ ಇಲ್ಲ. ಅಜ್ಜಾರ ಕಡೆ ತಿರುಗಿದರು.

"ಆಶ್ರಮದಲ್ಲಿ ಇಂಥ ಮಾತು ಕೇಳುತ್ತೇನೆ ಎಂದುಕೊಂಡಿರಲಿಲ್ಲ ಗುರುಗಳೇ. ನಿಮ್ಮ ಶಿಷ್ಯರ ಸಿಟ್ಟು ಮೊದಲು ಇಳಿಯಲಿ. ಆಮೇಲೆ ಮಾತಾಡೋಣ."

ಅಡಿವೆಪ್ಪ ತಲೆ ತಗ್ಗಿಸಲಿಲ್ಲ. ಗುರುಗಳು ಬೈದರೆ ಬೈಯಲಿ ಎಂದುಕೊಂಡು ನಿಂತೇ ಇದ್ದ.

ಅಜ್ಜಾರು ಉರುಳಿದ ಲೋಟವನ್ನು ಎತ್ತಿ ನೆಟ್ಟಗೆ ಇಟ್ಟರು.

"ಇಳೀತೈತಿ," ಎಂದರು. "ಬಿಳಿಗುಡ್ಡದಾಗ ದೀಪ ಹತ್ತಿದ ಮ್ಯಾಲೆ."