ಅರ್ಧ ಲೋಟ ನೀರು

ಈ ಕತೆಯನ್ನು ನನಗೆ ಮೊದಲು ಹೇಳಿದವರು ನನ್ನ ಹೆಂಡತಿಯ ಸೋದರಮಾವ ಕೊಟ್ರಬಸಯ್ಯನವರು. ಅವರು ಇದನ್ನು ಮಠದ ದಾಸೋಹದ ಮನೆಯಲ್ಲಿ ಗುರುಗಳ ಬಾಯಿಂದಲೇ ಕೇಳಿದವರು. ಅವರು ಹೇಳಿದ ಹಾಗೆಯೇ ಬರೆದಿದ್ದೇನೆ.

ಮರುಳಸಿದ್ಧನೆಂಬ ಶಿಷ್ಯ ಗುರುಗಳನ್ನು ಕೇಳಿದ: "ಬುದ್ಧೀ, ಊಟವಾದ ಮೇಲೆ ಎಲೆಯಲ್ಲಿ ಉಳಿದ ಅನ್ನವನ್ನು ಬಾನಿಗೆ ತುಂಬಿ ದನಗಳಿಗೆ ಹಾಕುವುದು ನನ್ನ ಸೇವೆ. ಹೋದ ವರ್ಷ ದಿನಕ್ಕೆ ಮೂರು ಬಾನಿ ತುಂಬುತ್ತಿತ್ತು. ಈಗ ಒಂದೂ ತುಂಬುವುದಿಲ್ಲ. ನನ್ನ ಸೇವೆ ಕುಗ್ಗುತ್ತಿದೆ. ನನ್ನಿಂದ ಏನು ತಪ್ಪಾಯಿತು?"

ಗುರುಗಳು ತಪ್ಪಿನ ಮಾತು ಎತ್ತಲಿಲ್ಲ. ಕತೆ ಹೇಳಿದರು.

ಒಂದು ಪಟ್ಟಣ ಪಂಚಾಯಿತಿ ಕಚೇರಿ. ಅಲ್ಲಿ ಒಬ್ಬ ಜವಾನ. ದಿನಗೂಲಿಯವನು. ವರ್ಷಕ್ಕೊಮ್ಮೆ ಮುಖ್ಯಾಧಿಕಾರಿ 'ಇರಲಿ' ಎಂದರೆ ಇರಬೇಕು, 'ಬೇಡ' ಎಂದರೆ ಹೋಗಬೇಕು. ಹಾಗೆಯೇ ಹನ್ನೊಂದು ವರ್ಷ ಕಳೆದಿದ್ದ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಪ್ರತಿ ಮೇಜಿನ ಮೇಲೂ ಒಂದು ಲೋಟ ನೀರು ತುಂಬಿಟ್ಟು ಮುಚ್ಚಳ ಮುಚ್ಚುವುದು ಅವನ ಮೊದಲ ಕೆಲಸ. ಕುಡಿಯುವವರು ಕುಡಿಯುತ್ತಿದ್ದರು. ಕುಡಿಯದೆ ಬಿಟ್ಟ ನೀರನ್ನು ಸಂಜೆ ಚರಂಡಿಗೆ ಚೆಲ್ಲುತ್ತಿದ್ದ. ಆ ಊರಿಗೆ ನೀರು ಬಿಡುವುದು ನಾಲ್ಕು ದಿನಕ್ಕೊಮ್ಮೆ. ಚೆಲ್ಲುವಾಗ ಅವನ ಕೈ ಒಂದಿಷ್ಟು ತಡೆಯುತ್ತಿತ್ತು. ಆದರೂ ಚೆಲ್ಲುತ್ತಿದ್ದ. ಅದು ಪದ್ಧತಿ.

ಜನನ-ಮರಣ ವಿಭಾಗದ ಗುಮಾಸ್ತೆಯೊಬ್ಬಳು ಒಂದು ಸಂಜೆ ಇದನ್ನು ಕಂಡಳು. ಜೊತೆಯವರನ್ನೆಲ್ಲ ಕೂಡಿಸಿದಳು.

"ಮೇಲಿಂದ ಸುತ್ತೋಲೆ ಬರೋ ತನಕ ಯಾಕೆ ಕಾಯೋದು? ಸಸಿ ನೆಟ್ಟು ಈ ನೀರು ಹಾಕೋದನ್ನ ನಾವೇ ಶುರು ಮಾಡೋಣ" ಎಂದಳು.

ಎಲ್ಲರೂ ಮನಸಾರೆ ಒಪ್ಪಿದರು. ಕಚೇರಿಯ ಮುಂದೆ ಎರಡು ಹೊಂಗೆ ಸಸಿ ನೆಟ್ಟರು. ಪಡಸಾಲೆಯಲ್ಲಿ ಒಂದು ಬಕೆಟ್ ಇಟ್ಟರು. ಲೋಟದಲ್ಲಿ ಉಳಿದ ನೀರು ಬಕೆಟ್ಟಿಗೆ, ಬಕೆಟ್ಟಿನ ನೀರು ಸಸಿಗೆ. ಜವಾನನಿಗೆ ಹನ್ನೊಂದು ವರ್ಷದ ಭಾರ ಇಳಿದಂತಾಯಿತು. ಸಸಿಗಳು ಚಿಗುರಿದವು.

ಯಾರೋ ಒಬ್ಬರು ಖುಷಿಗೆ, ಇಂದು ಒಂದು ಬಕೆಟ್ ಎಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಮರುವಾರ ಕಂದಾಯ ವಿಭಾಗದವರು ತಮ್ಮದೇ ಬಕೆಟ್ ತಂದರು. ಆರೋಗ್ಯ ವಿಭಾಗದವರು ಅದಕ್ಕಿಂತ ದೊಡ್ಡದು ತಂದರು. ಬಂದ ಕೂಡಲೇ ಯಾರ ಗೆರೆ ಎಷ್ಟೆಂದು ನೋಡುವುದು ರೂಢಿಯಾಯಿತು.

"ನೀವು ಕುಡ್ದು ಕುಡ್ದೇ ಸೋತ್ರಿ ಬಿಡ್ರಪ್ಪ" ಎಂದು ಆರೋಗ್ಯದವರು ಕಂದಾಯದವರನ್ನು ಛೇಡಿಸಿದರು.

ಕಂದಾಯದವರು ಮನೆಯಿಂದ ಬಾಟಲಿಯಲ್ಲಿ ನೀರು ತಂದು ಕುಡಿಯತೊಡಗಿದರು. ಮೇಜಿನ ಮೇಲಿನ ಲೋಟ ಬಕೆಟ್ಟಿಗೆ ಮೀಸಲಾಯಿತು. "ಇನ್ನೊಂದು ಲೋಟ ಇಡೋ ಮಾರಾಯ, ನಾವು ಹಿಂದೆ ಬಿದ್ದಿದೀವಿ" ಎಂದು ಜವಾನನಿಗೆ ಹೇಳಿದರು. ಅವನು ಇಟ್ಟ. ಮಿಕ್ಕವರೂ ಕೇಳಿದರು. ಅವರಿಗೂ ಇಟ್ಟ.

ನಾಲ್ಕು ದಿನ ಬರುತ್ತಿದ್ದ ಕಚೇರಿಯ ಟ್ಯಾಂಕು ಮೂರೇ ದಿನಕ್ಕೆ ಬರಿದಾಗತೊಡಗಿತು. ಸಸಿಗಳ ಬುಡ ಕೆಸರಾಗಿ ಎಲೆ ಹಳದಿಯಾಯಿತು. ಜವಾನ ದಿನವೂ ಅದನ್ನು ನೋಡಿದ. ಉಳಿದವರು ಗೋಡೆ ನೋಡುತ್ತಿದ್ದರು.

ಹಾಗೆ ಟ್ಯಾಂಕು ಬರಿದಾದ ಒಂದು ದಿನ, ಮಧ್ಯಾಹ್ನ, ಒಬ್ಬ ಮುದುಕಿ ಗಂಡನ ಮರಣ ಪ್ರಮಾಣಪತ್ರಕ್ಕೆಂದು ನಡೆದು ಬಂದಳು. ಬಾಗಿಲ ಬಳಿ ಜನರಿಗಾಗಿ ಇದ್ದ ನಲ್ಲಿ ತಿರುಗಿಸಿದಳು. ಅದೂ ಅದೇ ಟ್ಯಾಂಕಿನದು. ಬರೀ ಗಾಳಿ ಬಂತು. ಒಳಗೆ ಬಂದು, "ಒಂದು ಗುಟುಕು ನೀರು ಕೊಡಪ್ಪಾ" ಎಂದಳು.

ಜವಾನ ಹತ್ತಿರದ ಮೇಜಿನ ಮೇಲಿದ್ದ ಲೋಟ ಎತ್ತಿ ಕೊಟ್ಟ.

"ಅಯ್ಯೋ, ಅದು ಬಕೆಟ್ಟಿನ ನೀರು ಕಣಯ್ಯಾ!" ಎಂದು ಗುಮಾಸ್ತೆ ಕೂಗಿದಳು. ಎಲ್ಲಕ್ಕೂ ಮೊದಲು ಸಸಿ ನೆಡೋಣ ಎಂದವಳೇ ಅವಳು. ಕೂಗಿದ್ದು ತನ್ನ ಕಿವಿಗೆ ಬಿದ್ದ ಮೇಲೆ ತಲೆ ತಗ್ಗಿಸಿದಳು. ಮುದುಕಿ ಲೋಟ ಹಿಡಿದುಕೊಂಡು, ಕುಡಿಯಲೋ ಬೇಡವೋ ತಿಳಿಯದೆ ನಿಂತಿದ್ದಳು.

"ಕುಡೀರಿ ಅವ್ವ, ನಿಮ್ಮದೇ" ಎಂದ ಜವಾನ.

ಮರುದಿನ ನೀರು ಬಂದು ಟ್ಯಾಂಕು ತುಂಬಿತು. ಆದರೂ ಜವಾನ ಪ್ರತಿ ಮೇಜಿಗೂ ಒಂದೇ ಲೋಟ, ಅದರಲ್ಲಿ ಅರ್ಧವೇ ನೀರು ಇಟ್ಟ. ಮುಖ್ಯಾಧಿಕಾರಿಯ ಮೇಜಿಗೂ ಅಷ್ಟೇ. ಅವನ ಕೆಲಸಕ್ಕೆ 'ಇರಲಿ' ಎನ್ನಬೇಕಾದ ತಿಂಗಳು ಅದು. ಮನೆಯಲ್ಲಿ ದುಡಿಯುವ ಕೈ ಇನ್ನೊಂದಿರಲಿಲ್ಲ.

ಅಧಿಕಾರಿ ಕರೆಸಿದರು.

"ಏನಯ್ಯಾ ಇದು? ಅರ್ಧ ಲೋಟ ಇಡೋದು ಯಾವ ಸೀಮೆ ಮರ್ಯಾದೆ? ಕೆಲಸ ಬೇಡವಾಯ್ತಾ?"

"ಬೇಕು ಸ್ವಾಮಿ. ಬಾಯಾರಿದರೆ ಒಂದು ಮಾತು ಕರೀರಿ, ಇನ್ನರ್ಧ ಓಡಿ ಬಂದು ಕೊಡ್ತೀನಿ. ಕುಡಿಯದೆ ಬಿಡೋ ನೀರು ತುಂಬಿಡೋಕೆ ಮಾತ್ರ ನನಗೆ ಕೈ ಬರ್ತಿಲ್ಲ. ಮರ್ಯಾದೆ ತಪ್ಪಿದ್ರೆ ಹೋಗ್ತೀನಿ."

ಅಧಿಕಾರಿ ಲೋಟ ಎತ್ತಿ ಕುಡಿದರು. ಬರಿದಾದ ಲೋಟವನ್ನು ಮುಂದಕ್ಕೆ ಸರಿಸಿ, "ಇನ್ನರ್ಧ ತಾ" ಎಂದರು.

ಅದೇ ಆ ವರ್ಷದ 'ಇರಲಿ'.

ಆಮೇಲೆ ಬಾಗಿಲ ಬಳಿಯ ನಲ್ಲಿ ನಾಲ್ಕನೆಯ ದಿನವೂ ಹರಿಯಿತು. ಊಟವಾದ ಮೇಲೆ ಎಲ್ಲರೂ ಕೈ ತೊಳೆಯುವ ಕಡೆಯಿಂದ ಜವಾನ ಗೇಣಗಲ ಕಾಲುವೆ ತೋಡಿದ. ಸಸಿಗಳಿಗೆ ಅಷ್ಟೇ ಸಾಕಾಯಿತು. ಎಲೆಗೆ ಹಸಿರು ಮರಳಿತು. ಬಕೆಟ್ಟುಗಳು ಒಣಗಿ ಕುಳಿತವು. ಗೋಡೆಯ ಮೇಲೆ ಹೊಸ ಗೆರೆ ಬೀಳಲಿಲ್ಲ.

ಆರೋಗ್ಯ ವಿಭಾಗದವನೊಬ್ಬ ಗೋಡೆಯ ಮುಂದೆ ನಿಂತು, "ಎಷ್ಟು ಚೆನ್ನಾಗಿ ನಡೀತಿತ್ತು! ನಮ್ಮ ಒಳ್ಳೆ ಕೆಲಸ ನಿಂತೇಹೋಯ್ತಲ್ಲ" ಎಂದು ಮರುಗಿದ. ಗುಮಾಸ್ತೆ ಒದ್ದೆ ಬಟ್ಟೆ ತಂದು ಗೆರೆಗಳನ್ನು ಒರೆಸಿದಳು.

ಇಷ್ಟು ಹೇಳಿ ಗುರುಗಳು ಶಿಷ್ಯನ ಕಡೆ ತಿರುಗಿದರು.

"ಮರುಳಸಿದ್ಧಾ, ನೀನು ಶಿವನಲ್ಲಿ ಬೇಡುವುದು ತುಂಬಿದ ಬಾನಿಯನ್ನೋ, ಬರಿದಾದ ಎಲೆಯನ್ನೋ?"

ಮರುಳಸಿದ್ಧ ಎದ್ದು, ಅರ್ಧವೇ ತುಂಬಿದ ಬಾನಿಯನ್ನು ದನಗಳ ಕಡೆಗೆ ಹೊತ್ತೊಯ್ದ.

ಓದಿದವರು ಇದನ್ನು ಊಟಕ್ಕೆ ಕೂತಾಗ ಪಕ್ಕದವರಿಗೆ ಹೇಳಿ. ಅವರಿಗೆ ಪುರಸತ್ತಿಲ್ಲದಿದ್ದರೆ ಅರ್ಧ ಹೇಳಿ ನಿಲ್ಲಿಸಿ. ಕೇಳಿದರೆ ಇನ್ನರ್ಧ ಕೊಡಿ.