ಕೊಟ್ರನ ಚುಕ್ಕಿ ಅಕ್ಷರ

ಹರಿಹರದ ಒಂದು ಬ್ರೈಲ್ ಪ್ರೆಸ್ಸಿನಲ್ಲಿ ಹಾಲಮ್ಮ ಅಂತ ಒಬ್ಬಾಕೆ ಇದ್ದಳು. ಕಣ್ಣು ಕಾಣದು. ಇಪ್ಪತ್ತೆಂಟು ವರ್ಷ ಉಬ್ಬುಚುಕ್ಕಿ ಸವರಿ ಕರಡು ತಿದ್ದಿ ತಿದ್ದಿ ಬೆರಳ ತುದಿ ಜೋಮು ಹಿಡಿದಿತ್ತು, ಇನ್ನು ಸಾಕಪ್ಪಾ ಅನಿಸಿತ್ತು. ಅವಳಿಗೆ ಕೊಟ್ರ ಅಂತ ಒಬ್ಬನೇ ಮಗ. ಅವನಿಗೆ ಎರಡು ಕಣ್ಣೂ ಚೆನ್ನಾಗಿ ಕಾಣುತ್ತಿದ್ದವು. ಅದನ್ನು ಬಿಟ್ಟರೆ ಅವನ ಬಗ್ಗೆ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಹಾಲಮ್ಮ ಕೈಕಾಲು ಹಿಡಿದಿದ್ದಕ್ಕೆ ಪ್ರೆಸ್ಸಿನ ಮ್ಯಾನೇಜರು ಅವನನ್ನು ಕಂಪ್ಯೂಟರ್ ಮುಂದೆ ಕೂರಿಸಿದರು. ಕೆಲಸ ಕಲಿತರೆ ಅವನು ಖಾಯಂ, ಹಾಲಮ್ಮನಿಗೆ ಬಿಡುವು. ಕಲಿಯದಿದ್ದರೆ ಅವಳೇ ದುಡಿಯಬೇಕು.

ಅಂಧ ಹೆಣ್ಣುಮಕ್ಕಳ ಶಾಲೆಯ ರುದ್ರಾಂಬ ಟೀಚರಿಗೂ ಕಣ್ಣು ಕಾಣದು. ಅವರು ತಮಗೊಂದು ಪದ್ಯ ಬೇಕು ಅಂದರು. ಚುಕ್ಕಿ ಅಕ್ಷರದಲ್ಲಿ ಹಾಕಿಕೊಡು ಅಂದಳು ಹಾಲಮ್ಮ. ಕೊಟ್ರ ಕಂಪ್ಯೂಟರಿನಲ್ಲಿ ಬ್ರೈಲ್ ಚುಕ್ಕಿಗಳನ್ನು ಹುಡುಕಿ ಜೋಡಿಸಿ, ಆಫೀಸಿನ ಮಾಮೂಲಿ ಪ್ರಿಂಟರಿನಲ್ಲಿ ಕರಿ ಶಾಯಿಯಲ್ಲಿ ತೆಗೆದ. ನೋಡಿದವರೆಲ್ಲ ಚೆಂದ ಇದೆ ಅಂದರು. ನೋಡಲಾಗದವರಿಗೆ ಮಾಡಿದ್ದು ಅನ್ನುವುದೊಂದೇ ತೊಂದರೆ. ಹಾಲಮ್ಮ ಸವರಿದರೆ ಹಾಳೆ ನುಣ್ಣಗಿತ್ತು.

“ಲೇ, ಶಾಯಿನ ಬೆರಳಲ್ಲಿ ಓದಕ್ಕಾಗುತ್ತೇನೋ? ಚುಕ್ಕಿ ಉಬ್ಬಿರಬೇಕು.”

“ಆಗಲಿ ಬಿಡವ್ವ,” ಅಂದ ಕೊಟ್ರ. ಹೇಳಿದ್ದನ್ನು ಅವನು ಎಂದೂ ಮರೆಯುತ್ತಿರಲಿಲ್ಲ. ಮರೆತಿದ್ದರೆ ಎಷ್ಟೋ ವಾಸಿಯಿತ್ತು.

ಆಮೇಲೆ ಟೀಚರು ಒಂದು ಪಾಠವನ್ನು ಫೋನಿಗೆ ಕಳಿಸಲು ಹೇಳಿದರು. ಅಕ್ಷರ ಬಂದರೆ ಅವರ ಫೋನು ಗಟ್ಟಿಯಾಗಿ ಓದಿ ಹೇಳುತ್ತದೆ. ಚುಕ್ಕಿ ಉಬ್ಬಿರಬೇಕಲ್ಲ! ಕೊಟ್ರ ಕಪಾಟಿನಿಂದ ಆ ಪಾಠದ ಉಬ್ಬುಚುಕ್ಕಿಯ ಹಾಳೆ ತೆಗೆದು, ಉಬ್ಬು ಚೆನ್ನಾಗಿ ಕಾಣಲೆಂದು ಬಿಸಿಲಿಗೆ ಹಿಡಿದು, ಫೋಟೊ ತೆಗೆದು ಕಳಿಸಿದ. ಟೀಚರ ಫೋನು “ಚಿತ್ರ” ಅಂದು ಸುಮ್ಮನಾಯಿತು.

ಹಾಲಮ್ಮ ಮತ್ತೆ ಬೈದಳು. ಫೋಟೊ ಅಲ್ಲ, ಟೈಪ್ ಮಾಡಿದ ಅಕ್ಷರ ಕಳಿಸಬೇಕು ಅಂದಳು. ಆಗಲಿ ಬಿಡವ್ವ ಅಂದ.

ಮುಂದಿನ ಪಾಠವನ್ನು ಟೈಪ್ ಮಾಡಿಯೇ ಕಳಿಸಿದ, ಬ್ರೈಲ್ ಚುಕ್ಕಿಗಳಲ್ಲಿ. ಕಂಪ್ಯೂಟರಿನಲ್ಲಿ ಒಂದೊಂದು ಅಕ್ಷರದ ಚುಕ್ಕಿಗುಂಪಿಗೂ ಒಂದು ನಂಬರಿದೆ, ಆದರೆ ಅದು ಕನ್ನಡದ್ದೋ ಇಂಗ್ಲಿಷಿನದ್ದೋ ಅಂತ ಆ ನಂಬರಿನಲ್ಲಿ ಬರೆದಿರುವುದಿಲ್ಲ. ಫೋನು ಪಾಪ, ಅಕ್ಷರ ಯಾವುದೆಂದು ತಿಳಿಯದೆ ಎಷ್ಟನೆಯ ಚುಕ್ಕಿ ಅನ್ನುವುದನ್ನಷ್ಟೇ ಓದಿತು: ಚುಕ್ಕಿ ಒಂದು ಎರಡು ಐದು, ಚುಕ್ಕಿ ಎರಡು ನಾಲ್ಕು, ಚುಕ್ಕಿ ಒಂದು ಮೂರು. ಟೀಚರು ಅನ್ನಕ್ಕಿಟ್ಟು ಕೇಳುತ್ತಾ ಕೂತರು. ಅನ್ನ ಬೆಂದಿತು, ಮೊದಲ ಸಾಲು ಮುಗಿದಿರಲಿಲ್ಲ.

“ಚುಕ್ಕಿ ಇರೋದು ಬೆರಳಿಗೆ ಕಣೋ, ಫೋನಿಗಲ್ಲ. ಕಂಪ್ಯೂಟರಿನಾಗೆ ಅಚ್ಚ ಕನ್ನಡ ಅಕ್ಷರ ಇರಬೇಕು, ಯಾರು ತೆಗೆದ್ರೂ ಓದೋ ಹಂಗೆ. ತಿಳೀತಾ?”

“ತಿಳೀತವ್ವ.”

ಆಮೇಲೆ ಬಂತು ಪರೀಕ್ಷೆಯ ಪ್ರಶ್ನೆಪತ್ರಿಕೆ. ಇದು ಸರಿಹೋದರೆ ಕೆಲಸ ಖಾಯಂ ಅಂದರು ಮ್ಯಾನೇಜರು. ಉಬ್ಬುಚುಕ್ಕಿ ಹೊಡೆಯುವ ಮಿಷನ್ನಿಗೆ ಫೈಲನ್ನೂ ಸಿದ್ಧ ಮಾಡಿಟ್ಟಿದ್ದರು. ಕೊಟ್ರ ಗುಂಡಿ ಒತ್ತಿದರೆ ಸಾಕು. ಧೈರ್ಯವಾಗಿ ಹಾಲಮ್ಮ ಬೆರಳು ತೋರಿಸಲು ದಾವಣಗೆರೆಯ ಡಾಕ್ಟರ ಹತ್ತಿರ ಹೋದಳು.

ಕೊಟ್ರ ಫೈಲು ತೆರೆದು ನೋಡಿದ. ಇಂಗ್ಲಿಷ್ ಅಕ್ಷರ, ನಕ್ಷತ್ರದ ಗುರುತು, ಕಾಮಾ, ಕಂಸ ಎಲ್ಲ ಕಲಸುಮೇಲೋಗರ. ಅದು ಮಿಷನ್ನಿನ ಭಾಷೆ, ಒಂದೊಂದು ಗುರುತಿಗೆ ಒಂದೊಂದು ಚುಕ್ಕಿಗುಂಪು. ಕೊಟ್ರನಿಗೆ ಅವ್ವನ ಮಾತು ನೆನಪಾಯಿತು. ಅಷ್ಟನ್ನೂ ಅಳಿಸಿದ. ದಿನವಿಡೀ ಕೂತು ಇಡೀ ಪತ್ರಿಕೆಯನ್ನು ಒಂದು ಒತ್ತಕ್ಷರವೂ ತಪ್ಪದಂತೆ ಅಚ್ಚ ಕನ್ನಡದಲ್ಲಿ ಟೈಪ್ ಮಾಡಿ, ಗುಂಡಿ ಒತ್ತಿದ. ಮಿಷನ್ನಿಗೆ ಕನ್ನಡ ಯಾರೂ ಕಲಿಸಿರಲಿಲ್ಲ. ತಿಳಿಯದ ಅಕ್ಷರ ಬಂದಲ್ಲೆಲ್ಲ ಚುಕ್ಕಿ ಹೊಡೆಯದೆ ಮುಂದೆ ಸರಿಯಿತು. ಹನ್ನೆರಡು ಪ್ರತಿ. ಕೊಟ್ರ ಒಂದನ್ನೂ ಸವರಿ ನೋಡದೆ ಲಕೋಟೆಗೆ ಹಾಕಿ, ಅಂಟಿಸಿ, ತಾನೇ ಶಾಲೆಗೆ ಮುಟ್ಟಿಸಿ ಬಂದ.

ಪರೀಕ್ಷೆಯ ದಿನ ಹನ್ನೆರಡು ಹುಡುಗಿಯರು ಹಾಳೆ ಸವರಿದರು, ತಿರುಗಿಸಿ ಸವರಿದರು. ಒಬ್ಬಳು ಎದ್ದು ನಿಂತು ಕೇಳಿದಳು, “ಟೀಚರ್, ಪ್ರಶ್ನೆಪತ್ರಿಕೆ ಯಾವಾಗ ಕೊಡ್ತೀರಿ?”

ಕಟ್ಟು ಪ್ರೆಸ್ಸಿಗೆ ವಾಪಸ್ ಬಂತು. ಹಾಲಮ್ಮ ಡಾಕ್ಟರು ಕಟ್ಟಿದ್ದ ಬೆರಳಿನ ಪಟ್ಟಿ ಬಿಚ್ಚಿ ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಸವರಿದಳು. ಅವಳಿಗೆ ಅಳು ಬಂತು. ಕೊಟ್ರ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ.

“ಒಂದಾದ್ರೂ ತಪ್ಪು ಸಿಕ್ತೇನವ್ವ?”

ಇಲ್ಲಪ್ಪ, ಒಂದೂ ಸಿಗಲಿಲ್ಲ ಅಂದಳು ಹಾಲಮ್ಮ, ಮುಂದಿನ ಪುಸ್ತಕದ ಕರಡು ಎಳೆದುಕೊಂಡಳು.