ಹೊಗೆಯ ಹಿತ

ಹೊಳೆಯ ಈಚೆ ದಡದಲ್ಲಿ ಶಂಭುಗಿರಿ ಗುರುಗಳ ಆಶ್ರಮ, ಆಚೆ ದಡದಲ್ಲಿ ಊರಿನ ಸುಡುಗಾಡು.

ಕಾವಿ ಬೇಡುವ ಶಿಷ್ಯ ಮೊದಲು ಆಚೆ ದಡಕ್ಕೆ ಹೋಗಬೇಕು. ಒಂದು ಚಿತೆ ಹೊತ್ತಿ, ಉರಿದು, ಆರುವವರೆಗೆ ಅದರೆದುರು ಕೂತು ಬರಬೇಕು. ಹೋಗುವಾಗ ಎಲ್ಲರೂ ಶೂರರೇ. ಬರುವಾಗ ಒಬ್ಬರ ಮುಖದಲ್ಲೂ ರಕ್ತ ಇರುತ್ತಿರಲಿಲ್ಲ.

ದಾಮೋದರ ಮಾತ್ರ ನಗುತ್ತ ಬಂದ. ಕೂಸಾಗಿದ್ದಾಗಿನಿಂದ ಗುರುಗಳೇ ಸಾಕಿದ ಹುಡುಗ ಅವನು. ಕಾವಿ ಬಿಟ್ಟು ಬೇರೇನನ್ನೂ ಅವನು ಬಯಸಿದ್ದಿಲ್ಲ.

ಗುರುಗಳು ಕೇಳಿದರು, "ಏನನ್ನಿಸ್ತು ದಾಮು?"

"ನೆಮ್ಮದಿ. ಹೊಗೆ ಮೂಗಿಗೆ ಬಿದ್ದಿದ್ದೇ ತಡ, ಮನೆಗೆ ಬಂದ ಹಾಗಾಯ್ತು. ಕೂತಲ್ಲೇ ನಿದ್ದೆ ಹತ್ತಿಬಿಡ್ತು."

"ಮನೆಗೆ ಬಂದ ಹಾಗೆ?"

"ಹಿಂದಿನ ಜನ್ಮದ ಸಾಧನೆ ಇರಬೇಕು ಗುರುಗಳೇ. ನನಗೆ ಸಾವಿನ ಭಯವೇ ಇಲ್ಲ."

ಗುರುಗಳು ಮಡಿಲಲ್ಲಿದ್ದ ಕಾವಿ ಬಟ್ಟೆಯನ್ನು ತೆಗೆದು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರು.

ದಾಮೋದರನಿಗೆ ಹೊಟ್ಟೆ ಉರಿಯಿತು. "ಶೇಷಗಿರಿ ಅಲ್ಲಿ ವಾಂತಿ ಮಾಡಿಕೊಂಡು ಬಂದ. ಅವನಿಗೆ ಕಾವಿ ಕೊಟ್ರಿ."

"ಅವನು ಅಲ್ಲಿದ್ದದ್ದನ್ನ ನೋಡಿದ. ನೀನು ನೋಡಲೇ ಇಲ್ಲ."

"ಹಾಗಂದ್ರೆ?"

ಗುರುಗಳು ಅವನ ಮೊಣಕೈ ಹಿಡಿದು ಅಲ್ಲಿದ್ದ ಹಳೆಯ ಸುಟ್ಟ ಕಲೆಯ ಮೇಲೆ ಬೆರಳಿಟ್ಟರು. "ಇದು ಹೇಗಾಯ್ತು?"

"ಒಲೆಯ ಕೆಂಡ ಬಿದ್ದು. ನೀವೇ ಹೇಳಿದ್ರಲ್ಲ."

"ಕೆಂಡ ನಿಜ. ಒಲೆಯದಲ್ಲ."

ದಾಮೋದರ ಮೊಣಕೈ ತಿರುಗಿಸಿ ಆ ಕಲೆಯನ್ನು ನೋಡಿಕೊಂಡ.

"ಊರಿಗೆ ಕಾಲರಾ ಬಂದಿತ್ತು. ಮೈ ಕೊರೆಯೋ ಚಳಿ ಬೇರೆ. ಚಿತೆಗೆ ಬೆಂಕಿ ಇಟ್ಟವರು ಹೆದರಿ ಓಡಿಹೋಗಿದ್ರು, ಜೊತೆಗಿದ್ದ ಕೂಸನ್ನ ಅಲ್ಲೇ ಬಿಟ್ಟು. ನಿನಗಿನ್ನೂ ಮಾತು ಬರ್ತಿರಲಿಲ್ಲ. ಬೆಚ್ಚಗಿದ್ದ ಕಡೆಗೆ ತೆವಳಿಕೊಂಡು ಹೋಗಿ ಬೂದಿಯ ಅಂಚಲ್ಲಿ ಮಲಗಿದ್ದೆ. ನಾನು ಎತ್ತಿಕೊಂಡರೆ ಚೀರಾಡಿದೆ. ದೋಣಿ ಹತ್ತೋವರೆಗೂ ಆ ಬೆಂಕಿಯ ಕಡೆಗೇ ಕೈ ಚಾಚ್ತಿದ್ದೆ."

"ನನಗೆ ಅದ್ಯಾವುದೂ ನೆನಪಿಲ್ಲ."

"ನಿನಗಿಲ್ಲ. ನಿನ್ನ ಮೂಗಿಗಿದೆ, ಚರ್ಮಕ್ಕಿದೆ. ಅದನ್ನೇ ನೀನು ವೈರಾಗ್ಯ ಅಂದುಕೊಂಡೆ."

ದಾಮೋದರನಿಗೆ ಕೇಳಬಾರದು ಅನ್ನಿಸಿತು, ಆದರೂ ಕೇಳಿದ.

"ಅದು ಯಾರ ಚಿತೆ?"

"ನಿನ್ನ ತಾಯಿಯದು."

ಅವನು ಅಂಗಳದಲ್ಲೇ ಕೂತ. ಗುರುಗಳೂ ಪಕ್ಕದಲ್ಲಿ ಕೂತರು.

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಧೈರ್ಯ ಬರಲಿಲ್ಲ ಮಗು."

ಅಷ್ಟರಲ್ಲಿ ಆಚೆ ದಡದಲ್ಲಿ ಇನ್ನೊಂದು ಹೆಣ ಇಳಿಸಿದರು. ಸ್ವಲ್ಪ ಹೊತ್ತಿಗೆ, ಎಂದೂ ಇಲ್ಲದ ಹಾಗೆ, ಗಾಳಿ ಈ ಕಡೆ ತಿರುಗಿ ಹೊಗೆ ಅಂಗಳಕ್ಕೂ ಬಂತು.

ದಾಮೋದರ ಎರಡೂ ಕೈಯಿಂದ ಮೂಗು ಮುಚ್ಚಿಕೊಂಡ. ಉಸಿರು ಕಟ್ಟಿದಾಗ ಕೈ ತೆಗೆದ.

ಹೊಗೆ ಈಗಲೂ ಹಿತವಾಗಿಯೇ ಇತ್ತು. ಅದನ್ನೇ ಅವನಿಂದ ತಾಳಲಾಗಲಿಲ್ಲ. ಮಗುವಿನ ಹಾಗೆ ದನಿ ತೆಗೆದು ಅತ್ತ.

ಅಳು ನಿಲ್ಲುವವರೆಗೆ ಗುರುಗಳು ಅವನ ಬೆನ್ನ ಮೇಲಿಂದ ಕೈ ತೆಗೆಯಲಿಲ್ಲ. ಆಮೇಲೆ ಎದ್ದು, ಪೆಟ್ಟಿಗೆಯಿಂದ ಕಾವಿ ಬಟ್ಟೆ ತೆಗೆದು ಹೊಸ್ತಿಲ ಮೇಲಿಟ್ಟರು.

"ಈಗ ಹೋಗಿ ಕೂತು ಬಾ."